ಉದ್ಯೋಗವು ಬದಲಾಗುವಾಗ ವಿಶ್ವಾಸವು ಎಲ್ಲಿ ನಿಲ್ಲುವದು?



ಘಟಪ್ರಭೆಯ ಬಯಲಿನಲ್ಲಿರುವ ಮಸಗುಪ್ಪಿ ಗ್ರಾಮವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಈ ಗ್ರಾಮವು ಮೊದಲು ಮುಂಬಯಿ ಇಲಾಖೆಗೆ ಸೇರಿತ್ತು. 1956ನೇ ನವೆಂಬರ 1ರಂದು ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಗೋಕಾಕ ತಾಲೂಕಿನ ಪಟ್ಟಿಯಲ್ಲಿದ್ದದ್ದು ಈಗ ಮೂಡಲಗಿ ತಾಲೂಕಿನ ಪಟ್ಟಿಯಲ್ಲಿದೆ. ಇಷ್ಟಾದರೂ ಊರು ತನ್ನ ಸ್ಥಳದಿಂದ ಒಂದು ಗೇಣಾದರೂ ಕದಲಲಿಲ್ಲ. ಶಾಲೆಯ ಉಪಾಧ್ಯಾಯನಿಗೋ ಕಾಲಕಾಲಕ್ಕೆ ಮೇಲಧಿಕಾರಿಯು ಬೇರೆ, ಪಠ್ಯಪುಸ್ತಕವು ಬೇರೆ, ಲೆಕ್ಕ ಒಪ್ಪಿಸುವ ರೀತಿಯು ಬೇರೆ. ಇಂಥ ಬದಲಾವಣೆಗಳ ನಡುವೆ ಕ್ರೈಸ್ತನಾದ ಉಪಾಧ್ಯಾಯನು ಹೇಗೆ ನೆಲೆಗೊಂಡಿರಬೇಕೆಂಬದನ್ನು ಈ ತಿಂಗಳು ವಿಚಾರಿಸೋಣ.

ಪೂರ್ವದಲ್ಲಿ ಮಿಶನ್ ಶಾಲೆಯ ಉಪಾಧ್ಯಾಯನು ಅನೇಕ ಗ್ರಾಮಗಳಲ್ಲಿ ಉಪದೇಶಿಯೂ ಆಗಿದ್ದನು. ಹಗಲು ಅಕ್ಷರ ಕಲಿಸುವನು, ಸಂಜೆ ಪ್ರಾರ್ಥನೆ ನಡಿಸುವನು. ಅವನ ಉದ್ಯೋಗ ಯಾವದು, ಭಕ್ತಿ ಯಾವದು ಎಂದು ಬೇರೆ ಮಾಡುವ ಹಾಗಿರಲಿಲ್ಲ. ಇದು ದೊಡ್ಡ ಭಾಗ್ಯವಾಗಿತ್ತು, ಅಪಾಯವೂ ಆಗಿತ್ತು. ಯಾಕಂದರೆ ಸಂಬಳವೂ ಮರ್ಯಾದೆಯೂ ದೇವಭಕ್ತಿಯೂ ಒಂದೇ ಕೈಯಿಂದ ದೊರೆಯುವಾಗ, ತಾನು ಯಾವದನ್ನು ಹಿಡಿದು ನಿಂತಿದ್ದೇನೆಂದು ಮನುಷ್ಯನಿಗೆ ತಿಳಿಯದು. ಆ ಕೈ ಹಿಂದಕ್ಕೆ ಸರಿದಾಗಲೇ ತಿಳಿಯುವದು.

ಅದು ನಮ್ಮ ದೇಶದಲ್ಲಿ ಅನೇಕ ಸಾರಿ ಸರಿದದೆ. ಬೆಳಗಾವಿಯಲ್ಲಿ 1820ರಲ್ಲಿ ಆರಂಭವಾದ ಲಂಡನ್ ಮಿಶನಿನ ಕೆಲಸವು 1904ರಲ್ಲಿ ಮೆಥೊಡಿಸ್ಟರಿಗೆ ಒಪ್ಪಿಸಲ್ಪಟ್ಟಿತು. ಧಾರವಾಡ, ಹುಬ್ಬಳ್ಳಿಗಳಲ್ಲಿ 1837, 1839ರಿಂದ ಸೇವೆಮಾಡುತ್ತಿದ್ದ ಬಾಸೆಲ್ ಮಿಶನಿಗೆ ಇನ್ನೂ ಕಠಿಣವಾದ ಕಾಲ ಬಂತು. 1914ರಲ್ಲಿ ಯುದ್ಧ ಹತ್ತಿದ ಮೇಲೆ ಜರ್ಮನ ಪಾದ್ರಿಗಳು ಬಂಧನದಲ್ಲಿಡಲ್ಪಟ್ಟು ಸ್ವದೇಶಕ್ಕೆ ಕಳುಹಿಸಲ್ಪಟ್ಟರು. 1919ರಲ್ಲಿ ಮಿಶನಿನ ನೇಯಿಗೆ, ಹಂಚುಗಳ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಪಾದ್ರಿಗಳು ಹೋದರು, ಸಭೆಗಳು ಉಳಿದವು. ಭಾರವೆಲ್ಲಾ ಈ ದೇಶದ ಸಭಾಪಾಲಕರ, ಉಪದೇಶಿಗಳ, ಉಪಾಧ್ಯಾಯರ ಹೆಗಲ ಮೇಲೆ ಬಿತ್ತು.

ಈಗಿನ ಕಾಲದಲ್ಲಿ ನಮ್ಮವರಲ್ಲಿ ಅನೇಕರು ಸರಕಾರೀ ಶಾಲೆಗಳಲ್ಲಿ ಕಲಿಸುತ್ತಾರೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 28ನೇ ವಿಧಿಯ ಪ್ರಕಾರ, ಪೂರ್ತಿಯಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಯಾವ ಮತದ ಬೋಧನೆಯೂ ಇರಕೂಡದು. ಆಗ ಮನಸ್ಸಾಕ್ಷಿಯುಳ್ಳ ಉಪಾಧ್ಯಾಯನು ಕೇಳುತ್ತಾನೆ: ದಿನವೆಲ್ಲಾ ಕರ್ತನ ಹೆಸರನ್ನೆತ್ತದೆ ಇರುವದು ಆತನನ್ನು ಅಲ್ಲಗಳೆದಂತಲ್ಲವೋ? ಪೇತ್ರನು ಮಹಾಯಾಜಕನ ಅಂಗಳದಲ್ಲಿ ಮಾಡಿದ್ದು ಇದೇ ಅಲ್ಲವೋ?

ಅಲ್ಲವೆಂದು ನಾವು ಹೇಳುತ್ತೇವೆ. ಪೇತ್ರನನ್ನು ಕೇಳಿದರು, ಅವನು ಸುಳ್ಳಾಡಿದನು. ಉಪಾಧ್ಯಾಯನಾದರೋ ನಿಯಮಕ್ಕೆ ಒಪ್ಪಿ ಕೆಲಸಕ್ಕೆ ಸೇರಿದವನು. ಕೊಟ್ಟ ಮಾತನ್ನು ಉಳಿಸಿಕೊಳ್ಳುವದೂ ಸತ್ಯವೇ. ನೆರೆಯವನು ತನ್ನ ಮಗುವನ್ನು ನಂಬಿ ಒಪ್ಪಿಸಿದ್ದಾನೆ. ನಮ್ಮ ಮಗುವಿಗೆ ಇನ್ನೊಬ್ಬನು ನಮಗೆ ತಿಳಿಸದೆ ತನ್ನ ಮತವನ್ನು ಕಲಿಸಿದರೆ ನಾವು ಸಹಿಸುವೆವೋ? ಆದರೆ ಮೌನವು ಎರಡು ವಿಧ. ಮಾತಿಗೆ ಕಟ್ಟುಬಿದ್ದು ತರಗತಿಯಲ್ಲಿ ಸುಮ್ಮನಿರುವದು ಒಂದು. ಜೊತೆಯ ಉಪಾಧ್ಯಾಯರು, ನೀವು ಭಾನುವಾರ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದಾಗ ಮಾತು ತಪ್ಪಿಸುವದು ಇನ್ನೊಂದು. ಎರಡನೆಯದು ಭಯ; ಅದಕ್ಕೆ ಸಂವಿಧಾನವು ನೆವವಾಗದು.

ದಾನಿಯೇಲನನ್ನು ನೋಡಿರಿ. ಅವನಿಗೆ ಬೇಲ್ತೆಶಚ್ಚರನೆಂಬ ಹೊಸ ಹೆಸರಿಟ್ಟರು. ಕಸ್ದೀಯರ ಭಾಷೆಯನ್ನೂ ವಿದ್ಯೆಯನ್ನೂ ಕಲಿಸಿದರು. ನೆಬೂಕದ್ನೆಚ್ಚರನಿಂದ ಕೋರೆಷನ ವರೆಗೆ ಅರಸರು ಬದಲಾದರು. ಹೆಸರಿಗಾಗಲಿ ವಿದ್ಯೆಗಾಗಲಿ ಅವನು ಜಗಳವಾಡಿದಂತೆ ನಾವು ಓದುವದಿಲ್ಲ. ಅರಸನ ಭೋಜನವನ್ನು ಮುಟ್ಟಲಿಲ್ಲ, ಯೆರೂಸಲೇಮಿನ ಕಡೆಗಿದ್ದ ಕಿಟಕಿಯನ್ನು ಮುಚ್ಚಲಿಲ್ಲ. ನಾವಾದರೋ ಹೆಸರಿಗಾಗಿಯೂ ಹುದ್ದೆಗಾಗಿಯೂ ಹೋರಾಡಿ, ಭೋಜನಕ್ಕೆ ಮೊದಲು ಕೂತುಕೊಳ್ಳುತ್ತೇವೆ!

ಇಂದಿನ ಭೋಜನ ಯಾವದು? ಹಾಜರಿಯ ಪುಸ್ತಕವು ಹೋಗಿ ಮೊಬೈಲು ಬಂದರೂ, ಬಾರದ ಮಗುವನ್ನು ಬಂದಿತೆಂದು ಬರೆಯುವ ಶೋಧನೆ ಹೋಗಲಿಲ್ಲ. ಮಧ್ಯಾಹ್ನದ ಊಟದ ಅಕ್ಕಿಯು ಆ ಒಂದು ಗುರುತಿನ ಮೇಲೆ ಅಳೆಯಲ್ಪಡುತ್ತದೆ. ಎಲ್ಲರೂ ಹಾಗೆ ಮಾಡುತ್ತಾರೆಂಬ ಮಾತು ಬಾಬೆಲಿನಲ್ಲಿಯೂ ಇದ್ದಿರಬೇಕು.

ಇನ್ನೊಂದು ಸಂಗತಿಯನ್ನು ನಾಚಿಕೆಯಿಂದ ಬರೆಯುತ್ತೇವೆ. ಬದಲಾವಣೆಯು ಯಾವಾಗಲೂ ವಿಶ್ವಾಸಕ್ಕೆ ವಿರೋಧವೆಂದೆಣಿಸಬಾರದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೇ ಪ್ರಕರಣವು ಮಕ್ಕಳನ್ನು ಹೊಡೆಯುವದನ್ನೂ ಮನಸ್ಸನ್ನು ನೋಯಿಸುವದನ್ನೂ ನಿಷೇಧಿಸಿತು. ಚಿಕ್ಕ ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದಾತನ ಶಿಷ್ಯರೆನಿಸಿಕೊಂಡ ನಾವು ಬೆತ್ತವನ್ನು ಎಲ್ಲರಿಗಿಂತ ಮುಂಚೆ ಕೆಳಗಿಡತಕ್ಕವರಾಗಿದ್ದೆವು. ಕಾಯಿದೆ ಬರುವ ವರೆಗೆ ಕಾದೆವು. ಬಂದ ಮೇಲೆಯೂ, ಇನ್ನು ಮಕ್ಕಳು ಕೆಟ್ಟರೆಂದು ಗೊಣಗಿದೆವು. ಸುತ್ತೋಲೆಯಲ್ಲಿ ದೇವರ ಗದರಿಕೆಯೂ ಇರಬಹುದೆಂದು ಯಾರು ನೆನಸಿದರು?

ಕಡೆಗೆ ಸಭೆಯ ಹಿರಿಯರಿಗೆ ಒಂದು ಬಿನ್ನಹ. ನಮ್ಮ ಉಪಾಧ್ಯಾಯರು, ಉಪಾಧ್ಯಾಯಿನಿಯರು ಸಭೆಯೇ ಇಲ್ಲದ ಊರುಗಳಿಗೆ ವರ್ಗವಾಗಿ ಹೋಗುತ್ತಾರೆ. ಅವರು ರಜೆಗೆ ಬಂದಾಗ ಸಂಬಳವೆಷ್ಟಾಯಿತೆಂದು ಕೇಳುವವರು ಬಹು ಮಂದಿ. ಅಲ್ಲಿ ಯಾರೊಂದಿಗೆ ಪ್ರಾರ್ಥಿಸುತ್ತೀರೆಂದು ಕೇಳುವವರಿಲ್ಲ. ಶಾಲೆಗಳು ತೆರೆಯುವದಕ್ಕೆ ಮುಂಚೆ ಅಂಥವರ ಹೆಸರುಗಳನ್ನು ಬರೆದುಕೊಂಡು, ಭಾನುವಾರದ ಪ್ರಾರ್ಥನೆಯಲ್ಲಿ ಓದಿರಿ. ಮೊದಲನೆಯ ಅವಧಿ ಮುಗಿಯುವದರೊಳಗೆ ಯಾರಾದರೊಬ್ಬರು ಬಸ್ಸು ಹತ್ತಿ ಅವರ ಮನೆಗೆ ಹೋಗಿ ಬನ್ನಿರಿ.