ಎತ್ತರದ ಕಣ್ಣು, ನೆಲದ ಹೊಣೆ

2023ರ ಮೇ 27ರಂದು ಕಂಬಂ ಪಟ್ಟಣದ ಬೀದಿಗಳಲ್ಲಿ ಒಂದು ಕಾಡಾನೆ ಓಡಾಡಿತು. ಅಕ್ಕಿಯ ಆಸೆಗೆ ಅಂಗಡಿ ಮನೆಗಳಿಗೆ ನುಗ್ಗುತ್ತಿದ್ದ ಆ ಸಲಗಕ್ಕೆ ಕೇರಳದ ಜನ ‘ಅರಿಕೊಂಬನ್’ ಎಂದು ಹೆಸರಿಟ್ಟಿದ್ದರು. ಏಪ್ರಿಲ್ 29ರಂದು ಇಡುಕ್ಕಿ ಜಿಲ್ಲೆಯ ಚಿನ್ನಕ್ಕನಾಲಿನಲ್ಲಿ ಅದನ್ನು ಹಿಡಿದು ಪೆರಿಯಾರ್ ಹುಲಿ ಸಂರಕ್ಷಿತಾರಣ್ಯಕ್ಕೆ ಬಿಟ್ಟಿದ್ದರು. ರಾಜ್ಯಗಳ ಗಡಿ ಆನೆಗೆ ತಿಳಿಯದು. ಅದು ಬೆಟ್ಟವಿಳಿದು ನಮ್ಮ ಕಣಿವೆಗೆ ಬಂತು. ಪಟ್ಟಣದಲ್ಲಿ ಅದರ ದಾಳಿಗೆ ಸಿಕ್ಕಿ ಗಾಯಗೊಂಡ ಒಬ್ಬರು ಕೆಲವೇ ದಿನಗಳಲ್ಲಿ ತೀರಿಕೊಂಡರು. ಊರೆಲ್ಲ ಬಾಗಿಲು ಹಾಕಿಕೊಂಡು ಕುಳಿತಿದ್ದ ಆ ಹೊತ್ತಿನಲ್ಲಿ, ತೋಪೊಂದರಲ್ಲಿ ನಿಂತಿದ್ದ ಆನೆಯ ಚಿತ್ರ ತೆಗೆಯಲೆಂದು ಒಬ್ಬರು ಡ್ರೋನ್ ಹಾರಿಸಿದರು. ಆ ಸದ್ದಿಗೆ ಬೆದರಿ ಆನೆ ಅಲ್ಲಿಂದ ಓಡಿತು. ಹಾರಿಸಿದವರನ್ನು ಪೊಲೀಸರು ವಶಕ್ಕೆ ತೆಗೆದುಕೊಂಡರು. ಕೊನೆಗೆ ಜೂನ್ 5ರಂದು ಅರಿವಳಿಕೆ ಮದ್ದು ಕೊಟ್ಟು ಆನೆಯನ್ನು ಹಿಡಿದು, ಕಳಕ್ಕಾಡು-ಮುಂಡಂತುರೈ ಕಾಡಿಗೆ ಸಾಗಿಸಿದರು.

ಆ ಆನೆಯ ಕೊರಳಿನಲ್ಲಿ ಆಗಲೇ ಮತ್ತೊಂದು ಯಂತ್ರವಿತ್ತು. ಅದು ಎಲ್ಲಿದೆಯೆಂದು ಅರಣ್ಯ ಇಲಾಖೆಗೆ ತಿಳಿಸುವ ರೇಡಿಯೊ ಪಟ್ಟಿ ಅದು. ಒಂದೇ ಪ್ರಾಣಿಯನ್ನು ಎರಡು ಯಂತ್ರಗಳು ನೋಡುತ್ತಿದ್ದವು. ಒಂದು ಜನರನ್ನೂ ಆನೆಯನ್ನೂ ಕಾಪಾಡಲು ನೋಡುತ್ತಿತ್ತು. ಇನ್ನೊಂದು ನೋಡುವವನ ಸಂತೋಷಕ್ಕಾಗಿ ನೋಡುತ್ತಿತ್ತು. ಹೀಗೆ ಹೇಳಿದೊಡನೆ ನಮಗೆ ಸುಲಭವಾದ ಒಂದು ತೀರ್ಪು ಹೊಳೆಯುತ್ತದೆ: ಯಂತ್ರ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಬಳಸುವವನ ಮನಸ್ಸಿನಂತೆ ಫಲ. ಈ ಮಾತನ್ನು ನಾನೂ ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಅದು ಅರ್ಧ ಸತ್ಯವೆಂದು ಈಗ ತೋರುತ್ತದೆ. ಕೆಟ್ಟ ಮನಸ್ಸಿಲ್ಲದವರಿಂದಲೂ ಕೇಡಾಗುತ್ತದೆ. ಆ ಡ್ರೋನ್ ಹಾರಿಸಿದವರಿಗೆ ಆನೆಯ ಮೇಲೆ ಹಗೆಯೇನೂ ಇದ್ದಿರಲಾರದು. ಅವರು ದೂರದಲ್ಲಿದ್ದರು, ಅಷ್ಟೇ. ಡ್ರೋನ್ ಎಂಬ ಸಾಧನ ಮನುಷ್ಯನಿಗೆ ಕೊಡುವ ಮೊದಲ ವರವೇ ಆ ದೂರ. ಅದರ ಮೊದಲ ಅಪಾಯವೂ ಅದೇ. ಕಣ್ಣು ಮೇಲೇರುತ್ತದೆ, ಮೈ ಕೆಳಗೆ ಸುರಕ್ಷಿತವಾಗಿ ಉಳಿಯುತ್ತದೆ. ನೋಡಿದ್ದರ ಫಲ ಮಾತ್ರ ಬೇರೆ ಯಾರದೋ ಮೈಮೇಲೆ ಬೀಳುತ್ತದೆ.

ಇದೇ ಸದ್ದಿನ ಇನ್ನೊಂದು ಮುಖವನ್ನೂ ನೋಡಬೇಕು. ಆಫ್ರಿಕದ ತಾಂಜಾನಿಯಾದಲ್ಲಿ ಹೊಲಕ್ಕೆ ನುಗ್ಗುವ ಆನೆಗಳನ್ನು ಡ್ರೋನ್ ಸದ್ದಿನಿಂದಲೇ ಕಾಡಿಗೆ ತಿರುಗಿಸುವ ಪ್ರಯೋಗ ನಡೆದಿದೆ. ಆನೆ ಬೆದರುತ್ತದೆಂಬ ಒಂದೇ ಸಂಗತಿ, ತಿಳಿದವರ ಕೈಯಲ್ಲಿ ಬೆಳೆಗೂ ಜೀವಕ್ಕೂ ಕಾವಲಾಯಿತು. ತಿಳಿಯದವರ ಕೈಯಲ್ಲಿ ಊರಿಗೆ ಭೀತಿಯಾಯಿತು. ಎಂದಮೇಲೆ ಪ್ರಶ್ನೆ ಮನಸ್ಸು ಒಳ್ಳೆಯದೇ ಎಂಬುದಷ್ಟೇ ಅಲ್ಲ. ಹಾರಿಸುವವನು ಏನನ್ನು ಕಲಿತಿದ್ದಾನೆ, ಯಾರಿಂದ ಕಲಿತಿದ್ದಾನೆ, ಯಾವಾಗ ಹಾರಿಸಬಾರದೆಂದು ಅವನಿಗೆ ಹೇಳಿಕೊಟ್ಟವರು ಯಾರು ಎಂಬುದು ಪ್ರಶ್ನೆ.

ಡ್ರೋನಿನಿಂದ ನಮ್ಮ ಸೀಮೆಗೆ ಆಗಬಹುದಾದ ಉಪಕಾರ ಸಣ್ಣದಲ್ಲ. ಮುಲ್ಲಪೆರಿಯಾರಿನ ನೀರುಂಡು ಬೆಳೆಯುವ ಭತ್ತದ ಗದ್ದೆಗಳಲ್ಲಿ, ಕಂಬಂ ಕಣಿವೆಯ ದ್ರಾಕ್ಷಿಯ ಚಪ್ಪರಗಳಲ್ಲಿ, ಬೋಡಿಯ ಮೇಲಿನ ಏಲಕ್ಕಿ ಬೆಟ್ಟಗಳಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಕೀಟನಾಶಕ ಸಿಂಪಡಿಸುವ ಕೂಲಿಯವರನ್ನು ನಾವೆಲ್ಲ ಕಂಡಿದ್ದೇವೆ. ಮುಖಕ್ಕೆ ಒಂದು ಟವೆಲು, ಬರಿಗಾಲು. ಸಿಂಪಡಿಸಿದ್ದರಲ್ಲಿ ಒಂದು ಪಾಲು ಅವರ ಉಸಿರಿಗೇ ಸೇರುತ್ತದೆ. ಹತ್ತು ಲೀಟರಿನ ತೊಟ್ಟಿ ಹೊತ್ತ ಡ್ರೋನ್ ಒಂದು ಎಕರೆಯನ್ನು ಸುಮಾರು ಹತ್ತು ನಿಮಿಷದಲ್ಲಿ ಮುಗಿಸುತ್ತದೆ, ಮನುಷ್ಯ ದೂರ ನಿಂತಿರುತ್ತಾನೆ. ಇಲ್ಲಿ ಅದೇ ದೂರ ದಯೆಯಾಗುತ್ತದೆ. 2018ರ ಮಾರ್ಚ್ 11ರಂದು ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚು ಎದ್ದು, ಚಾರಣಕ್ಕೆ ಹೋದ 20ಕ್ಕೂ ಹೆಚ್ಚು ಮಂದಿ ಬೆಂದು ಸತ್ತುದನ್ನು ಈ ಜಿಲ್ಲೆ ಮರೆತಿಲ್ಲ. ಕತ್ತಲಲ್ಲಿ, ಕಡಿದಾದ ಕಮರಿಯಲ್ಲಿ ಸಿಕ್ಕಿಬಿದ್ದವರನ್ನು ಹುಡುಕುವುದೇ ಅಂದು ದೊಡ್ಡ ಕಷ್ಟವಾಗಿತ್ತು. ಮೈಯ ಬಿಸಿಯನ್ನು ಗುರುತಿಸುವ ಕ್ಯಾಮೆರಾ ಹೊತ್ತ ಡ್ರೋನ್ ಅಂಥ ರಾತ್ರಿಯಲ್ಲಿ ಎಷ್ಟು ನೆರವಾಗಬಹುದೆಂದು ಯೋಚಿಸಿದರೆ, ‘ಈ ಆಟಿಕೆ ನಮಗೆ ಬೇಡ’ ಎಂದು ಹೇಳಲು ಬಾಯಿ ಬರುವುದಿಲ್ಲ.

ಆದರೆ ಆಕಾಶದಿಂದ ಬೀಳುವ ಮದ್ದಿನ ಕಥೆಯನ್ನು ಕನ್ನಡಿಗರು ಮರೆಯುವಂತಿಲ್ಲ. ಕಾಸರಗೋಡಿನ ಎಣ್ಮಕಜೆ, ಪಡ್ರೆಯ ಸುತ್ತಿನ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ತೋಟದ ಕೆಳಗೆ ಮನೆಗಳಿದ್ದವು, ತೋಡುಗಳಿದ್ದವು, ಕುಡಿಯುವ ನೀರಿನ ಸುರಂಗಗಳಿದ್ದವು. ಒಂದೇ ಸುತ್ತಿನ ಮನೆಗಳಲ್ಲಿ ವಿಚಿತ್ರ ಕಾಯಿಲೆಗಳು, ಅಂಗವೈಕಲ್ಯದ ಮಕ್ಕಳು ಕಾಣಿಸಿದಾಗ ಅದನ್ನು ಮೊದಲು ಗಮನಿಸಿ ಕೇಳಿದವರಲ್ಲಿ ಆ ಊರಿನ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ಒಬ್ಬರು, ಅದನ್ನು ಬರೆದು ನಾಡಿಗೆ ತಿಳಿಸಿದವರಲ್ಲಿ ಕನ್ನಡದ ಪತ್ರಕರ್ತ ಶ್ರೀ ಪಡ್ರೆ ಒಬ್ಬರು. ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲಿ ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿದ್ದು 2017ರಲ್ಲಿ. ಅಷ್ಟರಲ್ಲಿ ಎಷ್ಟೋ ಮಕ್ಕಳು ಹಾಸಿಗೆಯಲ್ಲೇ ಬೆಳೆದಿದ್ದರು.

ಹೆಲಿಕಾಪ್ಟರಿಗೂ ಡ್ರೋನಿಗೂ ವ್ಯತ್ಯಾಸವಿದೆ. ಡ್ರೋನ್ ಬೆಳೆಯ ಮೇಲೆ ಎರಡು ಮೂರು ಮೀಟರು ಎತ್ತರದಲ್ಲಷ್ಟೇ ಹಾರುತ್ತದೆ. ಗಾಳಿಗೆ ಚದುರುವ ಹನಿ ಕಡಿಮೆ. ಕಡಿಮೆ, ಆದರೆ ಇಲ್ಲವೆಂದಲ್ಲ. ತೇನಿ ಜಿಲ್ಲೆಯ ಗಾಳಿ ಎಷ್ಟು ಬಲವಾದದ್ದೆಂಬುದಕ್ಕೆ ಆಂಡಿಪಟ್ಟಿಯ ಕಡೆ ಸಾಲಾಗಿ ತಿರುಗುವ ಗಾಳಿಯಂತ್ರಗಳೇ ಸಾಕ್ಷಿ. ನನ್ನ ಹೊಲದ ಹನಿ ಪಕ್ಕದವನ ಬಾವಿಗೆ ಬಿದ್ದರೆ ಹೊಣೆ ಯಾರದು? ಚಪ್ಪರದ ಮೇಲಿನಿಂದ ಸುರಿದ ಮದ್ದು ಎಲೆಯ ಕೆಳಗೆ ತೂಗುವ ಗೊಂಚಲನ್ನು ತಲುಪುವುದೇ, ಇಲ್ಲವೇ ಅಳತೆ ತಪ್ಪಿ ಇನ್ನಷ್ಟು ಸುರಿಯಬೇಕಾಗುವುದೇ? ಬೆನ್ನ ಮೇಲೆ ಪಂಪು ಹೊತ್ತು ಬದುಕುತ್ತಿದ್ದ ಕೂಲಿಯವನ ಉಸಿರು ಉಳಿಯಿತು, ಸರಿ, ಅವನ ದಿನಗೂಲಿ? ಕಾಸರಗೋಡು ಕಲಿಸುವ ಪಾಠ ‘ಹಾರಿಸಬೇಡಿ’ ಎಂಬುದಲ್ಲ. ಕೆಳಗಿರುವವರು ಕೇಳುವ ಪ್ರಶ್ನೆಗೆ ಮೇಲಿರುವವರು ಮೊದಲ ದಿನವೇ ಕಿವಿಗೊಡಬೇಕು ಎಂಬುದು.

ಇಲ್ಲಿಗೆ ಎಳೆಯ ವಿಜ್ಞಾನಿಗಳ ಮಾತು ಬರುತ್ತದೆ. ನಂಜನಗೂಡಿನ ಕಡೆಯವರಾದ ಬಿ. ವಿ. ಶ್ರೀಕಂಠನ್ ಅವರು ತರುಣರಾಗಿದ್ದಾಗ, ಹೋಮಿ ಭಾಭಾ ಅವರ ಸೂಚನೆಯಂತೆ ಉಪಕರಣಗಳನ್ನು ಹೊತ್ತು ಕೋಲಾರದ ಚಿನ್ನದ ಗಣಿಯೊಳಗೆ ಇಳಿದರು. ವಿಶ್ವಕಿರಣಗಳು ನೆಲದಾಳಕ್ಕೆ ಎಷ್ಟು ಇಳಿಯುತ್ತವೆಂದು ಅಳೆಯುವುದು ಅವರ ಕೆಲಸ. ಅದೇ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, 1965ರಲ್ಲಿ ಭಾರತ, ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಗುರುತನ್ನು ಕಂಡರು. ಹಿರಿಯನೊಬ್ಬ ಕಿರಿಯನಿಗೆ ಒಂದು ಕಷ್ಟದ ಪ್ರಶ್ನೆಯನ್ನು ಕೊಟ್ಟು, ನಂಬಿ, ಕಾದ ಫಲ ಅದು. ಶ್ರೀಕಂಠನ್ ಮುಂದೆ ಅದೇ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ನಿರ್ದೇಶಕರಾದರು.

ಆ ಪ್ರಶ್ನೆಯ ಮುಂದುವರಿಕೆ ನಮ್ಮ ತೇನಿ ಜಿಲ್ಲೆಗೇ ಬಂತು. ಪೊಟ್ಟಿಪುರದ ಬಳಿ ಬೋಡಿ ಬೆಟ್ಟದೊಳಗೆ ಸುರಂಗ ಕೊರೆದು ನ್ಯೂಟ್ರಿನೊ ವೀಕ್ಷಣಾಲಯ ಕಟ್ಟಲು ಕೇಂದ್ರ ಸಂಪುಟ 2015ರಲ್ಲಿ ಸುಮಾರು 1500 ಕೋಟಿ ರೂಪಾಯಿಯ ಒಪ್ಪಿಗೆ ಕೊಟ್ಟಿತು. ಬೆಟ್ಟದ ಬುಡದ ಜನ ನೀರಿನ, ಕಾಡಿನ, ಬಂಡೆ ಸಿಡಿಸುವುದರ ಬಗ್ಗೆ ಕೇಳಿದರು, ವಿರೋಧ ಎದ್ದಿತು, ಮೊಕದ್ದಮೆಗಳಾದವು. ಆ ಯೋಜನೆಯ ಸರಿತಪ್ಪನ್ನು ತೂಗುವುದು ಇಲ್ಲಿ ನನ್ನ ಕೆಲಸವಲ್ಲ. ಆದರೆ ಒಂದು ಮಾತು ಸ್ಪಷ್ಟ. ಇಂದಿನ ವಿಜ್ಞಾನಿ ಬಂಡೆಯನ್ನು ಬಲ್ಲವನಾದರೆ ಸಾಲದು. ಬಂಡೆಯ ಕೆಳಗೆ ಕುರಿ ಮೇಯಿಸುವವನಿಗೆ ಅವನ ಮಾತಿನಲ್ಲೇ ಉತ್ತರ ಹೇಳಬಲ್ಲವನೂ ಆಗಬೇಕು. ಆ ಶಿಕ್ಷಣವನ್ನು ಪಠ್ಯಪುಸ್ತಕ ಕೊಡುವುದಿಲ್ಲ, ಹಿರಿಯರು ಕೊಡಬೇಕು.

ನಾವು ಕೊಡುತ್ತಿರುವುದೇನು? ಕೆಲವು ವರ್ಷಗಳ ಹಿಂದೆ ಕನ್ನಡನಾಡು ಡ್ರೋನ್ ಹೆಸರಿನಲ್ಲಿ ಒಬ್ಬ ಹಳ್ಳಿಯ ತರುಣನನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ಅವನ ಸಾಧನೆಗಳೆಂದು ಹೇಳಿದವುಗಳಲ್ಲಿ ಹಲವಕ್ಕೆ ಆಧಾರವಿಲ್ಲವೆಂದು 2020ರಲ್ಲಿ ಪತ್ರಿಕೆಗಳು ಪರಿಶೀಲಿಸಿ ಬರೆದಾಗ, ಅದೇ ನಾಡು ಅವನನ್ನು ನೆಲಕ್ಕೆ ಎಸೆದು ನಕ್ಕಿತು. ಅವನ ತಪ್ಪನ್ನು ನಾನು ಮುಚ್ಚುವುದಿಲ್ಲ. ಆದರೆ ವೇದಿಕೆ ಹಾಕಿದ ಹಿರಿಯರಲ್ಲಿ ಎಷ್ಟು ಮಂದಿ ‘ಮಗು, ಒಮ್ಮೆ ತೋರಿಸು’ ಎಂದು ಕೇಳಿದ್ದರು? ಕೇಳದೆ ಹೊಗಳಿದ ಹೊಗಳಿಕೆ ಕೂಡ ಒಂದು ಬಗೆಯ ಸುಳ್ಳು. ಮುಂದೆ ಗುರಿ, ಹಿಂದೆ ಗುರು ಎನ್ನುತ್ತೇವೆ. ಹಿಂದೆ ನಿಂತವರು ಬರೀ ಚಪ್ಪಾಳೆ ತಟ್ಟಿದರೆ ಅವರು ಗುರುಗಳಲ್ಲ, ನೋಡುಗರು.

ಇದನ್ನು ಬರೆಯುವ ಹಕ್ಕು ನನಗೆ ಬರಬೇಕಾದರೆ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ನಮ್ಮ ಬಂಧುಗಳಲ್ಲಿ ಒಬ್ಬ ಹುಡುಗ, ಹದಿನೇಳರವನು, ಪಾಲಿಟೆಕ್ನಿಕ್‌ನಲ್ಲಿ ಓದುತ್ತಾನೆ. ಬಿಡಿಭಾಗಗಳನ್ನು ತರಿಸಿ, ತಾನೇ ಬೆಸುಗೆ ಹಾಕಿ ಒಂದು ಪುಟ್ಟ ಡ್ರೋನ್ ಮಾಡಿದ್ದ. ಕಣಿವೆಯ ಊರೊಂದರಲ್ಲಿ ಮದುವೆ. ಊಟ ಮುಗಿದು ಎಲ್ಲರೂ ಚಪ್ಪರದ ಮುಂದೆ ಕುಳಿತಿದ್ದಾಗ ನಾನು ಅವನನ್ನು ಕರೆದು, ಅದನ್ನು ಹಾರಿಸಿ ತೋರಿಸು ಎಂದೆ. ಅವನು ಮೇಲೆ ನೋಡಿ, “ಮಾವ, ಗಾಳಿ ಎದ್ದಿದೆ. ಜನರ ಮೇಲೆ ಬೇಡ” ಎಂದ. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದ ನಾನು, “ಏನೂ ಆಗಲ್ಲ, ಹಾರಿಸೋ. ನಾನಿದ್ದೀನಿ” ಎಂದೆ. ಅವನು ಹಾರಿಸಿದ. ಗಾಳಿಯ ಒಂದು ಹೊಡೆತಕ್ಕೆ ಅದು ವಾಲಿ ಚಪ್ಪರದ ಕಂಬಕ್ಕೆ ಬಡಿದು ಕೆಳಗೆ ಬಿತ್ತು. ಅದರ ರೆಕ್ಕೆ ತಗಲಿ ಆರು ವರ್ಷದ ಒಂದು ಹೆಣ್ಣುಮಗುವಿನ ಹಣೆ ಸೀಳಿತು, ಕಣ್ಣಿನಿಂದ ಒಂದು ಬೆರಳಿನಷ್ಟು ಮೇಲೆ. ನಾಲ್ಕು ಹೊಲಿಗೆ ಬಿದ್ದವು.

ಎಲ್ಲರೂ ಹುಡುಗನನ್ನು ಬೈದರು. ಅವನಪ್ಪ ಕೈಯೆತ್ತಿದ. ಹುಡುಗ ತಲೆ ತಗ್ಗಿಸಿ ನಿಂತ. ‘ಮಾವ ಹೇಳಿದ್ದಕ್ಕೆ ಹಾರಿಸಿದೆ’ ಎಂದು ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ‘ನಾನಿದ್ದೀನಿ’ ಎಂದವನು ಆ ಹೊತ್ತಿನಲ್ಲಿ ಅಲ್ಲಿ ಇರಲೇ ಇಲ್ಲ. ಮೂರು ತಿಂಗಳು ಕಳೆದು ಅವರ ಮನೆಗೆ ಹೋದೆ. ಡ್ರೋನ್ ಅಟ್ಟ ಸೇರಿತ್ತು. ತಪ್ಪು ನನ್ನದೆಂದು ಅವನ ಬಳಿ ಕುಳಿತು ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಆವತ್ತು ಎಲ್ಲರ ಮುಂದೆ ಯಾಕೆ ಹೇಳಲಿಲ್ಲ, ಮಾವ?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಅಂದು ಮದುವೆಗೆ ಬಂದಿದ್ದವರಲ್ಲಿ ಹಲವರು ಈ ಸಂಚಿಕೆಯನ್ನು ಓದುವವರೇ. ಅವನಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು, ತಡವಾಗಿ, ಇಲ್ಲಿ ಎಲ್ಲರ ಮುಂದೆ ಕೊಡುತ್ತಿದ್ದೇನೆ.

ಆ ಹುಡುಗ ಅಂದು ಗಾಳಿಯನ್ನು ಗಮನಿಸಿದ, ಕೆಳಗಿದ್ದವರನ್ನು ಗಮನಿಸಿದ, ಬೇಡವೆಂದ. ವಿಜ್ಞಾನಿಯ ಮೂರು ಗುಣಗಳೂ ಅವನಲ್ಲಿ ಆಗಲೇ ಇದ್ದವು. ಕೆಡಿಸಿದವನು ನಾನು. ಆದ್ದರಿಂದ ಎಳೆಯರಿಗೆ ಮಾರ್ಗದರ್ಶನ ಎಂದರೆ ಅವರಿಗೆ ಧೈರ್ಯ ತುಂಬುವುದು ಮಾತ್ರವಲ್ಲ ಎಂದು ನಾನೀಗ ನಂಬುತ್ತೇನೆ. ‘ಈಗ ಬೇಡ’ ಎನ್ನುವ ಅವರ ಮಾತಿಗೆ ಬೆಲೆ ಕೊಡುವುದು ಅದರ ಮೊದಲ ಪಾಠ; ತಪ್ಪಾದಾಗ ಅವರ ಪಕ್ಕದಲ್ಲಿ ನಿಲ್ಲುವುದು ಎರಡನೆಯದು.

ಕಾನೂನು ತನ್ನ ಪಾಲನ್ನು ಮಾಡಿದೆ. 2021ರ ಡ್ರೋನ್ ನಿಯಮಗಳು ತೂಕದಂತೆ ವರ್ಗ ಮಾಡಿವೆ, ಹಾರಬಹುದಾದ ವಲಯಗಳನ್ನು ಹಸಿರು, ಹಳದಿ, ಕೆಂಪು ಎಂದು ಗುರುತಿಸಿವೆ. ಹಾರಿಸುವವರ ಪ್ರಮಾಣಪತ್ರಕ್ಕೆ ಹದಿನೆಂಟು ತುಂಬಿರಬೇಕು. ಆದರೆ 250 ಗ್ರಾಮಿನೊಳಗಿನ ಪುಟ್ಟ ಡ್ರೋನಿಗೆ ಆ ಪತ್ರ ಬೇಕಿಲ್ಲ. ನಮ್ಮ ಮಕ್ಕಳು ಕಲಿಯುವುದು ಆ ಪುಟ್ಟದರಲ್ಲೇ. ಕಾನೂನಿನ ಕೈ ತಲುಪದ ಆ ಜಾಗದಲ್ಲಿ ಇರಬೇಕಾದದ್ದು ಮನೆಯ ಹಿರಿಯರ ಕೈ.

ತೇನಿ, ಕಂಬಂ, ದಿಂಡಿಗಲ್ಲಿನ ನಮ್ಮ ಮನೆಗಳಲ್ಲಿ ಕನ್ನಡ ತಲೆಮಾರುಗಳಿಂದ ಉಳಿದು ಬಂದದ್ದು ಬಾಯಿಂದ ಬಾಯಿಗೆ. ಶಾಲೆಯಿಂದಲ್ಲ, ಹಿರಿಯರ ಮಡಿಲಿನಿಂದ. ಹಾಗೆ ನುಡಿಯನ್ನು ದಾಟಿಸಬಲ್ಲ ನಮಗೆ ಹೊಣೆಯನ್ನು ದಾಟಿಸಲು ಬಾರದೇ? ಸಂಘದ ಬಂಧುಗಳಲ್ಲಿ ಎಂಜಿನಿಯರುಗಳಿದ್ದಾರೆ, ರೈತರಿದ್ದಾರೆ, ವೈದ್ಯರಿದ್ದಾರೆ. ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರು ಒಂದಿಬ್ಬರು ಮಕ್ಕಳೊಡನೆ ಕುಳಿತು ಅವರು ಮಾಡಿದ್ದನ್ನು ನೋಡಲಿ, ಕೇಳಲಿ: ಇದು ಬಿದ್ದರೆ ಯಾರ ಮೇಲೆ ಬೀಳುತ್ತದೆ? ಅವರನ್ನು ಕೇಳಿದೆಯಾ? ಯಾವಾಗ ನೀನು ಇದನ್ನು ಹಾರಿಸುವುದಿಲ್ಲ? ಮುಂದಿನ ಸಮ್ಮೇಳನದಲ್ಲಿ ಹಾರಿಸಿ ತೋರಿಸಿದ ಮಗುವಿಗೆ ಬಹುಮಾನ ಕೊಡೋಣ; ಗಾಳಿ ಹೆಚ್ಚಿದೆಯೆಂದು ಹಾರಿಸದೆ ಕೆಳಗಿಟ್ಟ ಮಗುವನ್ನೂ ವೇದಿಕೆಗೆ ಕರೆಯೋಣ.

ಹುಡುಗ ಈಚೆಗೆ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದ್ದಾನೆ. ಊರಾಚೆಯ ಬಯಲಿಗೆ ಹೋಗುವಾಗ ಈಗ ಒಂದು ಕೋಲನ್ನೂ ಒಯ್ಯುತ್ತಾನೆ. ಅದರ ತುದಿಗೆ ಒಂದು ತುಂಡು ಬಟ್ಟೆ. ಮೊದಲು ಅದನ್ನು ನೆಡುತ್ತಾನೆ. ಬಟ್ಟೆ ಪಟಪಟಿಸಿದರೆ ಪೆಟ್ಟಿಗೆ ತೆರೆಯುವುದಿಲ್ಲ. ಹೋದ ವಾರ ನಾನೂ ಜೊತೆಗೆ ಹೋಗಿದ್ದೆ. ಬಟ್ಟೆ ಪಟಪಟಿಸುತ್ತಲೇ ಇತ್ತು. ಅವನು ನನ್ನ ಮುಖ ನೋಡಿದ. “ಬೇಡ ಬಿಡಪ್ಪ, ನಾಳೆ ಬರೋಣ” ಎಂದೆ. ಇಬ್ಬರೂ ನಡೆದು ಮನೆಗೆ ಬಂದೆವು.