ಕಾಲವೆಂಬ ದ್ರವ್ಯ

ಗಾಜಿನ ತೊಟ್ಟಿಯೊಂದರಲ್ಲಿ ಸಮುದ್ರವನ್ನು ಸಾಕಲು ಹೊರಟವನಿಗೆ ಮೊದಲ ವಾರಗಳಲ್ಲಿಯೇ ಎದುರಾಗುವ ಸಂಕಟವೊಂದುಂಟು. ಲವಣವು 1000ಕ್ಕೆ 35ರ ಪ್ರಮಾಣದಲ್ಲಿ ಸರಿಯಾಗಿ ಬೆರೆತು, ಉಷ್ಣತೆಯು 25 ಡಿಗ್ರಿಯ ಆಸುಪಾಸಿನಲ್ಲಿ ನಿಂತು, ಮರಳೂ ಬಂಡೆಯೂ ತಮ್ಮ ತಮ್ಮ ಸ್ಥಾನಗಳಲ್ಲಿ ನೆಲೆಗೊಂಡ ಮೇಲೆ, ನಿನ್ನೆಯವರೆಗೆ ತಿಳಿಯಾಗಿದ್ದ ನೀರು ಒಂದು ಬೆಳಗ್ಗೆ ಅಕ್ಕಚ್ಚಿನಂತೆ ಬೆಳ್ಳಗೆ ಮಸುಕಾಗಿಬಿಡುತ್ತದೆ. ತೊಟ್ಟಿಯ ಒಡೆಯನು ಉಪ್ಪನ್ನು ಶಂಕಿಸುತ್ತಾನೆ, ಶೋಧಕವನ್ನು ಶಂಕಿಸುತ್ತಾನೆ, ಕಡೆಗೆ ನೀರನ್ನೆಲ್ಲ ಹೊರಚೆಲ್ಲಿ ಹೊಸದಾಗಿ ತುಂಬುತ್ತಾನೆ. ಅದೂ ಕೆಲವು ದಿನ ತಿಳಿಯಾಗಿದ್ದು ಮತ್ತೆ ಕಲಕುತ್ತದೆ. ಈ ಕಲಕಿನ ಹಿಂದೆ ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆಯೊಂದು ಇದೆಯೆಂದು ನನ್ನ ನಂಬಿಕೆ: ಲೋಕವೊಂದನ್ನು ಕ್ಷಣಮಾತ್ರದಲ್ಲಿ ಪೂರ್ಣವಾಗಿ ನಿರ್ಮಿಸುವುದು ಸಾಧ್ಯವೆ, ಅಥವಾ ಕಾಲವೂ ಆ ನಿರ್ಮಾಣಕ್ಕೆ ಬೇಕಾದ ದ್ರವ್ಯಗಳಲ್ಲೊಂದೆ?

ಈ ಪ್ರಶ್ನೆಯೊಡನೆ ಹೃತ್ಪೂರ್ವಕವಾಗಿ ಸೆಣಸಿದವನು ಅಕ್ವೇರಿಯಂ ಕಲೆಯ ಆದ್ಯರಲ್ಲಿಯೇ ಒಬ್ಬನಾಗಿದ್ದನೆಂಬುದು ಗಮನಾರ್ಹ. ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್, 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ತೆರೆದ ಮತ್ಸ್ಯಾಲಯಕ್ಕೆ ನೆರವಾದವನು. ಮರುವರ್ಷವೇ 'ದಿ ಅಕ್ವೇರಿಯಂ' ಎಂಬ ಗ್ರಂಥದ ಮೂಲಕ ಕಡಲ ಜೀವಿಗಳನ್ನು ಮನೆಯಲ್ಲಿ ಸಾಕುವ ಹಂಬಲವನ್ನು ತನ್ನ ದೇಶದಲ್ಲಿ ಹರಡಿದವನು. ತೀರದಿಂದ ದೂರವಿರುವವರಿಗಾಗಿ ಲವಣಗಳನ್ನು ಬೆರೆಸಿ ಕೃತಕ ಸಮುದ್ರಜಲವನ್ನು ಸಿದ್ಧಗೊಳಿಸುವ ಕ್ರಮವನ್ನೂ ಪ್ರಕಟಿಸಿದವನು. ಬೈಬಲ್ಲಿನ ಸೃಷ್ಟಿಕಥನವನ್ನು ಅಕ್ಷರಶಃ ನಂಬಿದ್ದ ಈ ಭಕ್ತನು 1857ರಲ್ಲಿ 'ಆಂಫಲೋಸ್' ಎಂಬ ಗ್ರಂಥವನ್ನು ಬರೆದು, ಜೀವವೆಂಬುದು ಆದಿಯಿಲ್ಲದ ವರ್ತುಲವಾದುದರಿಂದ ದೇವರು ಅದನ್ನು ಯಾವ ಬಿಂದುವಿನಲ್ಲಿ ಆರಂಭಿಸಿದರೂ ನಡೆಯದ ಭೂತಕಾಲವೊಂದರ ಗುರುತುಗಳು ಅದರಲ್ಲಿ ಇರಲೇಬೇಕೆಂದು ವಾದಿಸಿದನು: ಮೊದಲ ಮರದ ಕಾಂಡದಲ್ಲಿಯೂ ವರ್ಷವಲಯಗಳಿದ್ದುವು, ಆದಮನಿಗೂ ಹೊಕ್ಕುಳಿತ್ತು, ಬಂಡೆಯೊಳಗಿನ ಪಳೆಯುಳಿಕೆಗಳೂ ಆ ಬಗೆಯವೇ. ವಿಜ್ಞಾನಿಗಳೂ ಶ್ರದ್ಧಾವಂತರೂ ಆ ಗ್ರಂಥವನ್ನು ಒಟ್ಟಿಗೆ ತಿರಸ್ಕರಿಸಿದರು. ಆತನ ನಿರ್ಣಯವನ್ನು ನಾನೂ ಒಪ್ಪಲಾರೆ; ಆದರೆ ಆರಂಭವೆಂಬುದು ಎಷ್ಟು ದುರ್ಗಮವಾದ ವಿಷಯವೆಂಬುದನ್ನು ಆತನಷ್ಟು ಪ್ರಾಮಾಣಿಕವಾಗಿ ಕಂಡವರು ವಿರಳ.

ಗಾಸನ ದೇವರಿಗೆ ಸಾಧ್ಯವಾದುದು ಗಾಸನ ತೊಟ್ಟಿಗೆ ಸಾಧ್ಯವಿರಲಿಲ್ಲ. ಮೀನಿನ ವಿಸರ್ಜನೆಯೂ ತಿಂದುಳಿದ ಆಹಾರವೂ ಕೊಳೆತು ಅಮೋನಿಯಾ ಎಂಬ ವಿಷವಾಗುತ್ತದೆ. ಅದನ್ನು ನೈಟ್ರೈಟಾಗಿಯೂ, ನೈಟ್ರೈಟನ್ನು ಬಹಳ ಸೌಮ್ಯವಾದ ನೈಟ್ರೇಟಾಗಿಯೂ ಪರಿವರ್ತಿಸುವ ಸೂಕ್ಷ್ಮಜೀವಿಗಳಿವೆ. ರಷ್ಯದ ಸೆರ್ಗೈ ವಿನೊಗ್ರಾಡ್‌ಸ್ಕಿ ಇವನ್ನು ಪ್ರತ್ಯೇಕಿಸಿ ತೋರಿಸಿದ್ದು 1890ರಲ್ಲಿ, ಗಾಸ್ ತೀರಿಕೊಂಡ ಎರಡು ವರ್ಷಗಳ ಮೇಲೆ. ಇವು ಮರಳಿನ ಕಣಕಣಕ್ಕೂ ಬಂಡೆಯ ರಂಧ್ರರಂಧ್ರಕ್ಕೂ ಅಂಟಿ ಮೆಲ್ಲನೆ ವೃದ್ಧಿಯಾಗುತ್ತವೆ. ಅವು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆದರೆ ಜೈವಿಕ ಪದಾರ್ಥವನ್ನು ತಿಂದು ಬದುಕುವ ಬೇರೊಂದು ವರ್ಗದ ಬ್ಯಾಕ್ಟೀರಿಯಾಗಳು ಗಂಟೆಗಳಲ್ಲಿ ಇಮ್ಮಡಿಸಿ, ಪ್ರತಿಸ್ಪರ್ಧಿಗಳಿಲ್ಲದ ಆ ಹೊಸ ನೀರಿನ ತುಂಬ ತೇಲುತ್ತವೆ. ಒಡೆಯನು ಕೊಳೆಯೆಂದು ಕಂಡು ಹೊರಚೆಲ್ಲಿದ ಮಸುಕು ಇದೇ, ಲೆಕ್ಕವಿಲ್ಲದ ಜೀವಗಳ ಸಮೂಹ. ಆಹಾರ ತೀರಿದೊಡನೆ ಅವು ತಾವಾಗಿಯೇ ಕ್ಷೀಣಿಸುತ್ತವೆ. ನೀರನ್ನೆಲ್ಲ ಬದಲಿಸುವುದೆಂದರೆ ಆರಂಭದ ಆ ಶೂನ್ಯವನ್ನೇ ಅವುಗಳಿಗೆ ಮತ್ತೊಮ್ಮೆ ಒದಗಿಸಿಕೊಟ್ಟಂತೆ.

ಶಂಕರರ 'ಆತ್ಮಬೋಧ'ದಲ್ಲಿ ಕತಕದ, ಎಂದರೆ ನಮ್ಮ ಚಿಲ್ಲದ ಬೀಜದ, ದೃಷ್ಟಾಂತ ಬರುತ್ತದೆ: ಆ ಪುಡಿಯು ನೀರಿನ ಕಲ್ಮಷವನ್ನು ತಳಕ್ಕಿಳಿಸಿ ತಾನೂ ಮರೆಯಾಗುವಂತೆ, ಜ್ಞಾನವು ಅಜ್ಞಾನವನ್ನು ಕಳೆದು ತಾನೂ ಲಯವಾಗುತ್ತದೆ. ಹೊರಗಿನಿಂದ ಬಂದು ಸೇರಿದ ಕಲ್ಮಷಕ್ಕೆ ಈ ದೃಷ್ಟಾಂತ ಸಲ್ಲುತ್ತದೆ. ಆದರೆ ಲೋಕವೊಂದು ತಾನು ಲೋಕವಾಗುವ ಪ್ರಯತ್ನದಲ್ಲಿಯೇ ಹುಟ್ಟಿಸಿಕೊಂಡ ಕಲಕನ್ನು ಅರ್ಥಮಾಡಿಕೊಳ್ಳಲು ವೈಶೇಷಿಕರನ್ನು ಆಶ್ರಯಿಸಬೇಕೆಂದು ನನಗೆ ತೋರುತ್ತದೆ; ಪೃಥ್ವಿ, ಜಲ, ತೇಜಸ್ಸು, ವಾಯುಗಳೊಡನೆ ಕಾಲವನ್ನೂ ಒಂಬತ್ತು ದ್ರವ್ಯಗಳಲ್ಲಿ ಒಂದೆಂದು ಎಣಿಸಿದವರು ಅವರು. ಉಪ್ಪನ್ನು ತೂಗಿ ಹಾಕಬಹುದು, ಮರಳನ್ನು ತಂದು ಸುರಿಯಬಹುದು. ಆರು ವಾರಗಳನ್ನು ಒಮ್ಮೆಗೇ ಸುರಿಯುವ ಪಾತ್ರೆ ಎಲ್ಲಿಯೂ ಇಲ್ಲ.

ಇದರಿಂದ ಕೈಕಟ್ಟಿ ಕುಳಿತಿರುವುದೇ ಜ್ಞಾನವೆಂದು ಯಾರೂ ಭಾವಿಸಬಾರದು. ಮಸುಕು ತೊಳೆಯದೆ ಹಾಕಿದ ಮರಳಿನ ಧೂಳಾದರೆ ತಾನಾಗಿ ತಳಕ್ಕಿಳಿದೀತು. ಸುಣ್ಣದ ಅಂಶವನ್ನೂ ಕ್ಷಾರತೆಯನ್ನೂ ಅತಿಯಾಗಿ ಏರಿಸಿದ್ದರಿಂದ ಕ್ಯಾಲ್ಸಿಯಂ ಕಾರ್ಬೊನೇಟು ಬಿಳಿಯಾಗಿ ಒತ್ತರಿಸಿ ಬೀಳುತ್ತಿದ್ದರೆ ಆ ಮಿಶ್ರಣವನ್ನು ಒಡನೆಯೇ ನಿಲ್ಲಿಸಬೇಕು. ಬಂಡೆಯ ಹಿಂದೆ ಪ್ರಾಣಿಯೊಂದು ಸತ್ತು ಕೊಳೆಯುತ್ತಿದ್ದರೆ ತಡಮಾಡದೆ ಹುಡುಕಿ ತೆಗೆಯಬೇಕು. ಜೀವಸಮೂಹದ ಮಸುಕೇ ಆಗಿದ್ದರೂ ಅವು ನೀರಿನ ಆಮ್ಲಜನಕವನ್ನು ಹೀರುವುದರಿಂದ, ಮೀನುಗಳು ಮೇಲ್ಮೈಗೆ ಬಂದು ಬಾಯ್ದೆರೆಯುವ ಮೊದಲೇ ನೀರನ್ನು ಅಲುಗಿಸಿ ಗಾಳಿಯಾಡಿಸಬೇಕು, ಆಹಾರವನ್ನು ಮಿತಗೊಳಿಸಬೇಕು, ಅಮೋನಿಯಾವನ್ನು ಪರೀಕ್ಷಿಸುತ್ತಿರಬೇಕು. ಗೀತೆಯು ಕರ್ಮದಲ್ಲಿ ಅಕರ್ಮವನ್ನೂ ಅಕರ್ಮದಲ್ಲಿ ಕರ್ಮವನ್ನೂ ಕಾಣುವವನನ್ನು ಬುದ್ಧಿವಂತನೆಂದು ಕರೆದುದರ ಅರ್ಥ ಇಂಥ ಕಾವಲಿನಲ್ಲಿ ನನಗೆ ಸ್ಪಷ್ಟವಾಗುತ್ತದೆ.

ಕಾಲವನ್ನು ಅನ್ಯರಿಂದ ಕಸಿದುಕೊಳ್ಳುವ ಮಾರ್ಗಗಳೂ ಇಲ್ಲದಿಲ್ಲ. ಕಡಲಿನಿಂದ ಕಿತ್ತು ತಂದ ಜೀವಂತ ಬಂಡೆಯು ತನ್ನೊಳಗಿನ ಸೂಕ್ಷ್ಮಜೀವಿಗಳೊಡನೆ ಸಿದ್ಧವಾದ ಭೂತಕಾಲವನ್ನೇ ಹೊತ್ತು ತರುತ್ತದೆ. ಆದರೆ ಅದು ಬೇರೊಂದು ಹವಳದ ದಿಬ್ಬದ ಭೂತಕಾಲ. ದಿಬ್ಬ ಕಟ್ಟುವ ಹವಳಗಳನ್ನು ನಮ್ಮ ದೇಶದ 1972ರ ವನ್ಯಜೀವಿ ಕಾಯಿದೆಯ ರಕ್ಷಣೆಗೆ ಒಳಪಡಿಸಿರುವುದು ಸರಿಯಾಗಿಯೇ ಇದೆ. ಇನ್ನೊಂದು ಮಾರ್ಗ ಇದಕ್ಕಿಂತ ಕ್ರೂರವಾದುದು: ಡ್ಯಾಮ್ಸೆಲ್ ಮೀನುಗಳು ಗಟ್ಟಿಜೀವಗಳೆಂಬ ಕಾರಣದಿಂದ ಅವನ್ನೇ ಮೊದಲು ಹೊಸ ನೀರಿಗೆ ಬಿಟ್ಟು, ಅವುಗಳ ಕಿವಿರುಗಳು ಅಮೋನಿಯಾದಿಂದ ಬೇಯುತ್ತಿರುವಾಗ ತೊಟ್ಟಿ ಪಕ್ವವಾಗಲೆಂದು ಕಾಯುವ ಪದ್ಧತಿ. ಮೀನಿಲ್ಲದ ತೊಟ್ಟಿಗೆ ಅಮೋನಿಯಾ ದ್ರಾವಣವನ್ನು ಮಿತವಾಗಿ ಬೆರೆಸಿ, ಅಮೋನಿಯಾವೂ ನೈಟ್ರೈಟೂ ಶೂನ್ಯಕ್ಕಿಳಿದುದನ್ನು ಖಚಿತಪಡಿಸಿಕೊಂಡ ಮೇಲೆಯೇ ಮೊದಲ ಮೀನನ್ನು ತರುವ ಕ್ರಮ ಸುಲಭವಾಗಿ ಲಭ್ಯವಿರುವಾಗ, ನಾವು ಕೊಡಬೇಕಾದ ವಾರಗಳನ್ನು ಮೂಕಪ್ರಾಣಿಯ ಉಸಿರಿನಿಂದ ತೆಗೆದುಕೊಳ್ಳುವುದನ್ನು ನಾನು ಹಿಂಸೆಯೆಂದೇ ಕರೆಯುತ್ತೇನೆ.