ಕನಕಾಂಬರದ ಋಣ

ಹೂವು ಕೀಳುವುದು ತಪ್ಪೇ? ಪ್ರಶ್ನೆ ಮಕ್ಕಳು ಕೇಳುವಂಥದ್ದು. ಆದರೆ ಹಾಸನ ಸೀಮೆಯಲ್ಲಿ ಅದಕ್ಕೆ ಸಾವಿರ ವರ್ಷದ ಹಿನ್ನೆಲೆಯಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, 10ನೇ ಶತಮಾನದ ಕೊನೆಯಲ್ಲಿ ಚಾವುಂಡರಾಯ ನಿಲ್ಲಿಸಿದ ಗೊಮ್ಮಟನ ತೊಡೆ, ತೋಳುಗಳಿಗೆ ಬಳ್ಳಿ ಸುತ್ತಿಕೊಂಡಿದೆ. ತಪಸ್ಸಿಗೆ ನಿಂತವನು ಅದನ್ನು ಕಿತ್ತೆಸೆಯಲಿಲ್ಲ. ಜೈನರ ಎಣಿಕೆಯಲ್ಲಿ ಗಿಡವೂ ಜೀವ. ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯ ಜೀವ. ಆದರೂ ಅದೇ ಗೊಮ್ಮಟನ ಮಸ್ತಕಾಭಿಷೇಕದಲ್ಲಿ ಹೂಮಳೆ ಸುರಿಯುತ್ತದೆ. ಅಲ್ಲಿಂದ ಹೊಳೆನರಸೀಪುರಕ್ಕೆ ಬಂದರೆ, ಹೇಮಾವತಿ ದಡದ ಲಕ್ಷ್ಮೀನರಸಿಂಹನಿಗೆ ಹೂವಿಲ್ಲದೆ ಪೂಜೆ ಸಾಗದು. ಅಂದರೆ ಹೂವು ಕೀಳಬಾರದೆಂಬ ಅಳುಕೂ ನಮ್ಮದೇ, ಕೀಳದೆ ಇರಲಾರದ ಭಕ್ತಿಯೂ ನಮ್ಮದೇ.

ಕೀಳುವುದು ತಪ್ಪೆನ್ನುವವರ ವಾದ ಸರಳ: ಹೂವು ಗಿಡದ ನಾಳೆ. ಹೂವಾಗಿ, ಕಾಯಾಗಿ, ಬೀಜವಾಗಿ ಅದು ಮುಂದುವರಿಯಬೇಕು. ನಡುವೆ ಕೈ ಹಾಕಿದವನು ಆ ನಾಳೆಯನ್ನು ಕದ್ದಂತೆ. ಈ ವಾದವನ್ನು ನಮ್ಮ ಹಿತ್ತಲಿನ ಒಂದು ಗಿಡದ ಮುಂದಿಟ್ಟು ನೋಡೋಣ. ಅದು ಕನಕಾಂಬರ.

ಕನಕಾಂಬರ ಸದಾ ಹಸಿರಾಗಿರುವ ಸಣ್ಣ ಪೊದೆ. ದಕ್ಷಿಣ ಭಾರತ, ಶ್ರೀಲಂಕೆಗಳೂ ಅದರ ತವರು. ಹೂವಿಗೆ ಪರಿಮಳವಿಲ್ಲ, ತೂಕವೂ ಇಲ್ಲ. ಬಣ್ಣವೊಂದೇ ಅದರ ಬಂಡವಾಳ. ಅದರ ಒಣಗಿದ ಕಾಯಿಗೆ ನೀರು ತಾಗಿದರೆ ಚಟ್ಟನೆ ಸಿಡಿದು ಬೀಜಗಳನ್ನು ದೂರಕ್ಕೆ ಎಸೆಯುತ್ತದೆ. ಮಳೆ ಬಂದಿದೆ, ಮಣ್ಣು ಹಸಿಯಾಗಿದೆ, ಮೊಳೆಯಲು ಇದೇ ಹೊತ್ತು ಎಂಬ ಲೆಕ್ಕ ಆ ಸಣ್ಣ ಕಾಯಿಯೊಳಗೇ ಇದೆ. ಹೀಗೆ ಮಳೆಯನ್ನು ನಂಬಿ ಬದುಕುವ ಗಿಡಕ್ಕೆ ನಮ್ಮ ಹಂಗಿಲ್ಲ.

ಆದರೆ ಹೂವಿನ ತೋಟಗಳಲ್ಲಿ ಹೆಸರಾದದ್ದು ‘ಡೆಲ್ಲಿ ಕನಕಾಂಬರ’. ಅಚ್ಚ ಕಿತ್ತಳೆ ಬಣ್ಣ, ದೊಡ್ಡ ಎಸಳು. ಇದರ ಜೀವಕೋಶದಲ್ಲಿ ವರ್ಣತಂತುಗಳ ಮೂರು ಗಣಗಳಿವೆ; ಅವು ಸಮನಾಗಿ ಹಂಚಿಹೋಗಲಾರದೆ ಬೀಜ ಕಟ್ಟುವುದಿಲ್ಲ. ಹೂವಷ್ಟೇ ಇದೆ, ಕಾಯಿಲ್ಲ. ಇದನ್ನು ಬೆಳೆಯಲು ಎಳೆಯ ರೆಂಬೆ ಕತ್ತರಿಸಿ ನೆಡಬೇಕು.

ಮೊದಲ ವಾದ ಇಲ್ಲಿ ಸೋಲುತ್ತದೆ. ಈ ಹೂವನ್ನು ಕಿತ್ತರೆ ಗಿಡದ ನಾಳೆಯೇನೂ ಕಳುವಾಗುವುದಿಲ್ಲ. ಬದಲಿಗೆ ಹೂ ಮುಗಿದ ತೆನೆಗಳನ್ನು ಚಿವುಟಿದರೆ ಹೊಸ ತೆನೆ ಬರುತ್ತದೆ. ಹಾಗಾದರೆ ನಾವು ನಿರಾಳವೇ? ನನಗೆ ಹಾಗನ್ನಿಸುವುದಿಲ್ಲ. ಬೀಜವಿಲ್ಲದ್ದೊಂದನ್ನು ಆರಿಸಿ, ಅದನ್ನೇ ಊರೂರಿಗೆ ಹಬ್ಬಿಸಿದವರು ನಾವು. ಕಳೆದುಕೊಳ್ಳಲು ಏನೂ ಇಲ್ಲದ ಗಿಡ ಎನ್ನುವಾಗ, ಅದರ ಮುಂದಿನ ಪೀಳಿಗೆ ಈಗ ನಮ್ಮ ಕೈಯಲ್ಲಿದೆ ಎಂದೇ ಅರ್ಥ. ರೆಂಬೆಯಿಂದ ರೆಂಬೆಗೆ ಬಂದ ಗಿಡಗಳೆಲ್ಲ ಒಂದೇ ಅಚ್ಚಿನವು. ಬೇರುಗಂಟು ಜಂತುಹುಳುವೋ ಸೊರಗು ರೋಗವೋ ಒಂದನ್ನು ಹಿಡಿದರೆ ಪಕ್ಕದ್ದಕ್ಕೂ ಬೇರೆ ಗುರಾಣಿಯಿಲ್ಲ. ಬೀಜವಿಲ್ಲದ ಬಾಳೆಯ ಕಥೆಯೂ ಇದೇ. ಕಳೆದ ಶತಮಾನದ ನಡುವಿಗೆ, ಜಗತ್ತಿನ ಮಾರುಕಟ್ಟೆ ಆಳಿದ್ದ ‘ಗ್ರೋ ಮಿಷೆಲ್’ ಬಾಳೆಯ ದೊಡ್ಡ ತೋಟಗಳನ್ನು ಪನಾಮಾ ರೋಗ ಬರಿದು ಮಾಡಿತು.

ಗಿಡಕ್ಕೆ ನೋವಾಗುತ್ತದೆಯೇ, ಆಗದಿದ್ದರೆ ಅದಕ್ಕೆ ಕರ್ತವ್ಯವೆಲ್ಲಿಯದು ಎಂದು ನೀವು ಕೇಳಬಹುದು. ಆದರೆ ಎಲ್ಲ ಕರ್ತವ್ಯವೂ ನೋವಿನಿಂದಲೇ ಹುಟ್ಟುವುದಿಲ್ಲ. ಒಬ್ಬರನ್ನು ನಮ್ಮ ಮೇಲೆ ಅವಲಂಬಿಸುವಂತೆ ಮಾಡಿದರೆ, ಆ ಅವಲಂಬನೆಯೇ ನಮ್ಮನ್ನು ಕಟ್ಟುತ್ತದೆ. ಸಾಕಿದ ಹಸುವಿನ ಬಗ್ಗೆ ನಮಗಿರುವ ಹೊಣೆ ಕಾಡಿನ ಕಡವೆಯ ಬಗ್ಗೆ ಇರುವಂಥದ್ದಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. ಈ ಹೂವನ್ನು ಒಂದೊಂದಾಗಿ ಬೆರಳಲ್ಲೇ ಬಿಡಿಸಬೇಕು. ಒಂದು ಕಿಲೋ ತುಂಬಲು ಸಾವಿರಾರು ಹೂವು ಬೇಕು. ಬೆಳಗಿನ ಜಾವಕ್ಕೇ ತೋಟಕ್ಕಿಳಿಯುವ ಹೆಂಗಸರ ಕೂಲಿಯೇ ಅದರ ನಿಜವಾದ ಬೆಲೆ. ಆಷಾಢದಲ್ಲಿ ಮದುವೆಗಳಿಲ್ಲದೆ ಬೆಲೆ ಕುಸಿದರೆ ಬಿಡಿಸಿದ ಕೂಲಿಯೂ ಹುಟ್ಟದು. ಆಗ ರೈತ ಗಿಡ ಕಿತ್ತು ಆಲೂಗಡ್ಡೆಯನ್ನೋ ಜೋಳವನ್ನೋ ಹಾಕಿದರೆ ಅವನನ್ನು ತಪ್ಪಿತಸ್ಥನೆನ್ನಲು ಪೇಟೆಯಲ್ಲಿ ಕೂತ ನಮಗೆ ಯಾವ ಹಕ್ಕಿದೆ? ಮೊಳ ಹೂವಿಗೆ ಚೌಕಾಸಿ ಮಾಡುವವರು ನಾವೇ. ಗಿಡದ ಋಣವನ್ನು ಅವನೊಬ್ಬನ ತಲೆಗೆ ಕಟ್ಟಿ ನಾವು ಮಾಲೆ ಮುಡಿದರೆ ಅದು ನ್ಯಾಯವಲ್ಲ.

ಹಾಗಾಗಿ ಈ ಋಣ ಪ್ರತಿಯೊಂದು ಗಿಡಕ್ಕೂ ಸಲ್ಲಬೇಕಾದದ್ದಲ್ಲ, ಗಿಡದ ಸಂತತಿಗೆ ಸಲ್ಲಬೇಕಾದದ್ದು ಎಂದುಕೊಳ್ಳುತ್ತೇನೆ. ಹೊಲದಿಂದ ಕೀಳಬಹುದು, ಸಾಲು ತಪ್ಪಬಾರದು. ಅದಕ್ಕೆ ಬೇಕಾದದ್ದು ಹೆಚ್ಚೇನಲ್ಲ: ಅರೆನೆರಳು, ನೀರು ನಿಲ್ಲದ ಒಂದಡಿ ಜಾಗ, ಆಗಾಗ ಒಂದು ಕತ್ತರಿ. ಅರಕಲಗೂಡಿನ ಹಿತ್ತಲಲ್ಲಿ, ಹಾಸನದ ಬಾಡಿಗೆ ಮನೆಯ ಕುಂಡದಲ್ಲಿ ಒಂದೊಂದು ಗಿಡ ಉಳಿದರೆ ಸಾಕು. ಮಳೆಗಾಲಕ್ಕೆ ನೆರೆಮನೆಯವರು ಬಂದು ‘ಒಂದು ರೆಂಬೆ ಕೊಡಿ’ ಎಂದಾಗ ಕತ್ತರಿಸಿ ಕೊಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಆ ಕೈಗೆ ಈ ವಾದವೆಲ್ಲ ಗೊತ್ತಿರಬೇಕಿಲ್ಲ. ಕಾಯಿ ಸಿಡಿದು ಮಾಡಬೇಕಿದ್ದ ಕೆಲಸವನ್ನು ಅದು ಮಾಡುತ್ತಿದೆ.